ಹಳ್ಳಿಯ ಮೆಥೋಡಿಸ್ಟ್ ಸಭೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳ್ಳಿಯ ಸಣ್ಣ ಮೆಥೋಡಿಸ್ಟ್ ಕ್ರೈಸ್ತ ಸಭೆಯಲ್ಲೇ ಹುಟ್ಟಿ ಬೆಳೆದವಳು ನಾನು. ಈಗ ಕೆಲವು ವರ್ಷಗಳಿಂದ ಕ್ಲಾಸ್ ಲೀಡರ್, ಅಂದರೆ ಸಭೆಯ ಒಂದು ಸಣ್ಣ ಕೂಟವನ್ನು ನಡೆಸುವ ಕೆಲಸ ಮಾಡುತ್ತಿದ್ದೇನೆ. ಮದುವೆಯಾಗಿ ನಮ್ಮ ಸಭೆಗೆ ಬಂದವರು, ಬೇರೆ ಸಭೆಗಳಿಂದ ಬಂದವರು, ಸುಮ್ನೆ ತಿಳಿದುಕೊಳ್ಳೋಣ ಅಂತ ಬರುವವರು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ನನಗೆ ತಿಳಿದ ಮಟ್ಟಿಗೆ ಉತ್ತರ ಬರೆದಿದ್ದೇನೆ.

ಮೆಥೋಡಿಸ್ಟ್ ಅನ್ನೋ ಹೆಸರು ಎಲ್ಲಿಂದ ಬಂತು?

ಅದು ಗೇಲಿ ಮಾಡಿ ಇಟ್ಟ ಹೆಸರು. 1729ರ ಹೊತ್ತಿಗೆ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಜಾನ್ ವೆಸ್ಲಿ, ಅವರ ತಮ್ಮ ಚಾರ್ಲ್ಸ್ ಮತ್ತು ಕೆಲವು ಗೆಳೆಯರು ಒಟ್ಟಿಗೆ ಕೂತು ಸತ್ಯವೇದ (ಬೈಬಲ್) ಓದಲು ಶುರುಮಾಡಿದರು. ವಾರಕ್ಕೆ ಎರಡು ದಿನ ಉಪವಾಸ, ಗೊತ್ತುಮಾಡಿದ ಹೊತ್ತಿಗೆ ಪ್ರಾರ್ಥನೆ, ಆಮೇಲೆ ಜೈಲಿನಲ್ಲಿದ್ದವರ ಭೇಟಿ. ಎಲ್ಲಕ್ಕೂ ಒಂದು ಕ್ರಮ, ಒಂದು ಮೆಥಡ್. ಜೊತೆಯ ವಿದ್ಯಾರ್ಥಿಗಳು 'ಮೆಥೋಡಿಸ್ಟರು' ಅಂತ ಆಡಿಕೊಂಡರು. ಹೆಸರು ಅಂಟಿಕೊಂಡಿತು.

ಇಷ್ಟು ಕ್ರಮ ಇದ್ದರೂ ಜಾನ್ ವೆಸ್ಲಿಯವರಿಗೆ ನೆಮ್ಮದಿ ಇರಲಿಲ್ಲ. 1738ರ ಮೇ 24ರ ಸಂಜೆ ಅವರು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಒಲ್ಲದ ಮನಸ್ಸಿನಿಂದ ಹೋದರು. ಅಲ್ಲೊಬ್ಬರು ಬೈಬಲಿನಲ್ಲಿರುವ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಧರ್ಮಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿಯನ್ನು ಓದುತ್ತಿದ್ದರು. ಒಂಬತ್ತಕ್ಕೆ ಇನ್ನೂ ಕಾಲು ಗಂಟೆ ಇತ್ತು. ಆಗ ನನ್ನ ಹೃದಯ ಏನೋ ಒಂಥರಾ ಬೆಚ್ಚಗಾಯಿತು ಅಂತ ಅವರೇ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಕ್ರಮವೂ ಬೇಕು, ಆ ಬಿಸಿಯೂ ಬೇಕು ಅನ್ನೋದು ಅವರು ನಮಗೆ ಕಟ್ಟಿಕೊಟ್ಟ ಬುತ್ತಿ.

ಮೆಥೋಡಿಸ್ಟರು ಬೇರೆ ಏನಾದರೂ ನಂಬುತ್ತಾರಾ?

ಎಲ್ಲ ಕ್ರೈಸ್ತರು ನಂಬುವುದನ್ನೇ ನಾವೂ ನಂಬುತ್ತೇವೆ. ಒತ್ತು ಕೊಡುವ ಜಾಗ ಮಾತ್ರ ಸ್ವಲ್ಪ ಬೇರೆ. ದೇವರ ಕೃಪೆ ಕೆಲವರಿಗೆ ಮಾತ್ರ ಮೀಸಲಲ್ಲ, ಎಲ್ಲರಿಗೂ ಇದೆ ಅನ್ನೋದು ವೆಸ್ಲಿಯವರ ಬೋಧನೆಯ ಬೇರು. ನಾವು ದೇವರ ಕಡೆ ತಿರುಗುವ ಮೊದಲೇ ಕೃಪೆ ನಮ್ಮಲ್ಲಿ ಕೆಲಸ ಶುರುಮಾಡಿರುತ್ತದೆ. ತಿರುಗಿದಾಗ ಅದು ಕ್ಷಮಿಸುತ್ತದೆ. ಆಮೇಲೆ ಬದುಕಿಡೀ ನಮ್ಮನ್ನು ಶುದ್ಧಮಾಡುತ್ತಾ ಹೋಗುತ್ತದೆ. ನಂಬಿದ್ದು ಒಂದೇ ದಿನದಲ್ಲಿ ಮುಗಿದುಹೋಗುವ ಸಂಗತಿಯಲ್ಲ.

ದಿನದಿನದ ಬದುಕಿಗೆ ವೆಸ್ಲಿ 1743ರಲ್ಲಿ ಮೂರು ನಿಯಮ ಬರೆದುಕೊಟ್ಟರು. ಕೆಡುಕು ಮಾಡಬೇಡಿ. ಕೈಲಾದಷ್ಟು ಒಳ್ಳೆಯದು ಮಾಡಿ. ಪ್ರಾರ್ಥನೆ, ದೇವರ ವಾಕ್ಯ, ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಿರಸ ಹಂಚಿಕೊಳ್ಳುವುದು), ಉಪವಾಸ ಇವುಗಳನ್ನು ಬಿಡಬೇಡಿ. ಸಂಡೇ ಸ್ಕೂಲಿನ ಮಕ್ಕಳೂ ಇದನ್ನು ಬಾಯಲ್ಲಿ ಹೇಳುತ್ತಾರೆ. ಮೊದಲನೆಯದೇ ಎಷ್ಟು ಕಷ್ಟ ಅನ್ನೋದು ದೊಡ್ಡವರಾದ ಮೇಲೆ ಗೊತ್ತಾಗುತ್ತದೆ.

ಪ್ರತಿ ಭಾನುವಾರ ಪಾಸ್ಟರ್ ಯಾಕೆ ಬರುವುದಿಲ್ಲ?

ಹೊಸಬರು ಮೊದಲು ಕೇಳುವ ಪ್ರಶ್ನೆ ಇದು. ಹಳ್ಳಿಯ ಒಂದೊಂದು ಸಭೆಗೂ ಒಬ್ಬೊಬ್ಬ ಪಾಸ್ಟರ್ ಇರುವುದು ಅಪರೂಪ. ಅಕ್ಕಪಕ್ಕದ ಹಲವು ಸಭೆಗಳು ಸೇರಿ ಒಂದು ಸರ್ಕಿಟ್ ಆಗುತ್ತದೆ. ಸಭಾಪಾಲಕರು ಒಂದೊಂದು ವಾರ ಒಂದೊಂದು ಕಡೆ ಇರುತ್ತಾರೆ. ಉಳಿದ ಭಾನುವಾರಗಳಲ್ಲಿ ಪ್ರಸಂಗ (ಆರಾಧನೆಯ ಉಪದೇಶ) ಮಾಡುವವರು ಲೋಕಲ್ ಪ್ರೀಚರ್‌ಗಳು. ಅವರು ಸಂಬಳಕ್ಕಿರುವವರಲ್ಲ. ವಾರವೆಲ್ಲ ತಮ್ಮ ಕೆಲಸ ಮಾಡಿ, ಶನಿವಾರ ರಾತ್ರಿ ಪ್ರಸಂಗ ಬರೆದುಕೊಳ್ಳುವವರು. ಇದಕ್ಕೂ ತರಬೇತಿ, ಪರೀಕ್ಷೆ ಎಲ್ಲ ಇದೆ.

ನಮ್ಮ ಸಭೆಯ ಬಾಗಿಲ ಹಿಂದೆ ಒಂದು ಕಾಗದ ಅಂಟಿಸಿರುತ್ತಾರೆ. ಅದಕ್ಕೆ ಪ್ಲಾನ್ ಅಂತೀವಿ. ಮೂರು ತಿಂಗಳ ಭಾನುವಾರಗಳು ಮೇಲ್ಗಡೆ, ಸಭೆಗಳ ಹೆಸರು ಎಡಗಡೆ, ಚೌಕಗಳ ಒಳಗೆ ಪ್ರಸಂಗ ಮಾಡುವವರ ಹೆಸರು. ಯಾರಿಗೋ ಜ್ವರ ಬಂದರೆ ಒಂದು ಹೆಸರನ್ನು ಪೆನ್ಸಿಲ್‌ನಲ್ಲಿ ಹೊಡೆದು ಇನ್ನೊಂದನ್ನು ಬರೆದಿರುತ್ತಾರೆ. ಕೆಲವು ಚೌಕಗಳಲ್ಲಿ ಒರೆಸಿ ಒರೆಸಿ ಕಾಗದವೇ ತೆಳ್ಳಗಾಗಿರುತ್ತದೆ. ಆ ತೆಳ್ಳಗಾದ ಜಾಗ ನೋಡಿದಾಗ ನನಗೆ ಹೆಮ್ಮೆ ಅನ್ನಿಸುತ್ತದೆ. ಒಬ್ಬರಿಗೆ ಆಗದಿದ್ದಾಗ ಇನ್ನೊಬ್ಬರು ಎದ್ದು ಹೋಗಿದ್ದಾರೆ ಅಂತ ಅಲ್ವಾ ಅದರ ಅರ್ಥ?

ಓದಿ ಪಟ್ಟ ಪಡೆಯದವರು ಪ್ರಸಂಗ ಮಾಡಬಹುದಾ ಅನ್ನೋ ಅನುಮಾನ ವೆಸ್ಲಿಯವರಿಗೂ ಇತ್ತು. ಥಾಮಸ್ ಮ್ಯಾಕ್ಸ್‌ಫೀಲ್ಡ್ ಎಂಬ ಸಾಮಾನ್ಯ ಸದಸ್ಯ ಪ್ರಸಂಗ ಶುರುಮಾಡಿದ್ದನ್ನು ಕೇಳಿ ನಿಲ್ಲಿಸಲು ಓಡಿ ಬಂದರಂತೆ. ತಡೆದದ್ದು ಅವರ ತಾಯಿ ಸುಸಾನಾ. ನಿನ್ನನ್ನು ದೇವರು ಕರೆದಷ್ಟೇ ನಿಜವಾಗಿ ಅವನನ್ನೂ ಕರೆದಿದ್ದಾನೆ, ಮೊದಲು ಅವನ ಮಾತು ಕೇಳು ಅಂದರು ಆ ತಾಯಿ. ಮಗ ಕೇಳಿದರು, ಒಪ್ಪಿದರು. ಅವತ್ತು ಅವರು ಒಪ್ಪದೇ ಇದ್ದಿದ್ದರೆ ಹಳ್ಳಿಯ ಮುಕ್ಕಾಲು ಸಭೆಗಳು ಹುಟ್ಟುತ್ತಲೇ ಇರಲಿಲ್ಲ ಅಂತ ನನ್ನ ನಂಬಿಕೆ.

ಕ್ಲಾಸ್ ಅಂದರೇನು? ಅಲ್ಲಿ ಪಾಠ ಮಾಡುತ್ತಾರಾ?

ಪಾಠ ಅಲ್ಲ. ಹತ್ತು ಹನ್ನೆರಡು ಜನ ಒಬ್ಬರ ಮನೆಯಲ್ಲಿ ಸೇರುವ ಕೂಟ ಅದು. ನನ್ನನ್ನು ಕೇಳಿದರೆ ನಮ್ಮ ಸಭೆಯ ಜೀವಾಳವೇ ಅದು.

ಅದು ಹುಟ್ಟಿದ್ದು ಒಂದು ಸಾಲದಿಂದ. ಬ್ರಿಸ್ಟಲ್‌ನಲ್ಲಿ 1739ರಲ್ಲಿ ಕಟ್ಟಲು ಶುರುಮಾಡಿದ ಕೂಟದ ಮನೆಯ ಸಾಲ ತೀರಿರಲಿಲ್ಲ. 1742ರ ಫೆಬ್ರವರಿ 15ರಂದು ಎಲ್ಲರೂ ಕೂತು ಏನು ಮಾಡೋಣ ಅಂತ ಯೋಚಿಸಿದರು. ಕ್ಯಾಪ್ಟನ್ ಫಾಯ್ ಎಂಬವರು, ಸಾಲ ತೀರುವವರೆಗೆ ಒಬ್ಬೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡೋಣ ಅಂದರು. ಅಷ್ಟೂ ಕೊಡಲಾಗದ ಬಡವರಿದ್ದಾರಲ್ಲ ಅಂದರು ಇನ್ನೊಬ್ಬರು. ಹಾಗಾದರೆ ಕಡುಬಡವರಾದ ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ವಾರವಾರ ಅವರ ಮನೆಗೆ ಹೋಗುತ್ತೇನೆ, ಅವರಿಂದ ಆಗದಿದ್ದರೆ ಅವರ ಪಾಲನ್ನೂ ನಾನೇ ಹಾಕುತ್ತೇನೆ ಅಂದರು ಫಾಯ್.

ಹೀಗೆ ಹನ್ನೆರಡು ಜನರ ಗುಂಪುಗಳಾದವು. ಪೆನ್ನಿ ಕೇಳಲು ಮನೆಮನೆಗೆ ಹೋದವರ ಕಣ್ಣಿಗೆ ಬಿದ್ದದ್ದು ಬೇರೆಯೇ. ಈ ಮನೆಯಲ್ಲಿ ಕಾಯಿಲೆ, ಆ ಮನೆಯಲ್ಲಿ ಜಗಳ, ಇನ್ನೊಂದರಲ್ಲಿ ಕುಡಿತ. ಅವರು ಬಂದು ವೆಸ್ಲಿಯವರಿಗೆ ಹೇಳಿದರು. ಇಷ್ಟು ದಿನ ನಾವು ಹುಡುಕುತ್ತಿದ್ದದ್ದು ಇದನ್ನೇ ಅಂತ ವೆಸ್ಲಿಯವರಿಗೆ ಹೊಳೆಯಿತು. ಸಾಲ ತೀರಿಸಲು ಮಾಡಿದ ಏರ್ಪಾಡು ಒಬ್ಬರನ್ನೊಬ್ಬರು ನೋಡಿಕೊಳ್ಳುವ ಏರ್ಪಾಡಾಯಿತು.

ಈಗಲೂ ಕ್ಲಾಸ್‌ನಲ್ಲಿ ಒಂದು ಹಾಡು, ಒಂದು ಪ್ರಾರ್ಥನೆ ಆದ ಮೇಲೆ ಲೀಡರ್ ಒಬ್ಬೊಬ್ಬರನ್ನೂ ಕೇಳುತ್ತಾರೆ: ಈ ವಾರ ನಿಮ್ಮ ಆತ್ಮ ಹೇಗಿದೆ? ಚೆನ್ನಾಗಿದ್ದೀರಾ ಅಂತ ಕೇಳುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ಚೆನ್ನಾಗಿದ್ದೀರಾ ಅಂದರೆ ಹೂಂ ಅಂದು ಮುಗಿಸಬಹುದು. ಈ ಪ್ರಶ್ನೆಗೆ ಹಾಗೆ ಹೂಂ ಅನ್ನಲು ಬಾಯಿ ಬರುವುದಿಲ್ಲ.

ನನ್ನ ತಾಯಿ ಹಾಸಿಗೆ ಹಿಡಿದ ವರ್ಷ ನಮ್ಮ ಕ್ಲಾಸ್ ಲೀಡರ್ ಆಗಿದ್ದ ಅಜ್ಜಿ ಪ್ರತಿ ಗುರುವಾರ ಬರುತ್ತಿದ್ದರು. ಬಂದವರು ಜಾಸ್ತಿ ಮಾತಾಡುತ್ತಿರಲಿಲ್ಲ. ಅಮ್ಮನ ಕಾಲ ಬಳಿ ಕೂತು ಹೊದಿಕೆಯ ಮೇಲಿಂದಲೇ ಪಾದ ಹಿಡಿದುಕೊಳ್ಳುತ್ತಿದ್ದರು. ಒಂದು ಕೀರ್ತನೆ ಓದುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ನೀನು ನಿದ್ದೆ ಮಾಡಿದ್ದು ಯಾವಾಗಮ್ಮ ಅಂತ ಕೇಳುತ್ತಿದ್ದರು. ಅಷ್ಟು ಜನ ಬಂದು ಹೋದರು, ನನ್ನನ್ನು ಹಾಗೆ ಕೇಳಿದವರು ಅವರೊಬ್ಬರೇ. ನಾನು ಮಲಗಿ ಎದ್ದು ಬರುವವರೆಗೆ ಅವರು ಆ ಪಾದ ಬಿಡುತ್ತಿರಲಿಲ್ಲ. ಸಭಾಪಾಲಕರು ಎಂಟು ಕಡೆ ಓಡಾಡುವವರು, ಪ್ರತಿ ವಾರ ಬರಲು ಅವರಿಂದ ಆಗುತ್ತಲೇ ಇರಲಿಲ್ಲ. ಕ್ಲಾಸ್ ಇದ್ದದ್ದರಿಂದ ನಮ್ಮ ಮನೆ ಒಂಟಿಯಾಗಲಿಲ್ಲ.

ಹಳ್ಳಿಯಲ್ಲಿ ಮಾತು ಹಬ್ಬುತ್ತದೆ. ಕ್ಲಾಸ್‌ನಲ್ಲಿ ಮನಸ್ಸು ಬಿಚ್ಚಿ ಮಾತಾಡಿದರೆ ಊರೆಲ್ಲ ಗೊತ್ತಾಗುವುದಿಲ್ವಾ?

ಭಯ ನ್ಯಾಯವಾದದ್ದೇ. ನನಗೇ ಒಮ್ಮೆ ಹಾಗಾಗಿದೆ. ಕೂಟದಲ್ಲಿ ಹೇಳಿದ ಮನೆಯ ವಿಷಯ ಮೂರನೇ ದಿನಕ್ಕೆ ನನ್ನ ಕಿವಿಗೇ ವಾಪಸ್ ಬಂತು. ಎರಡು ತಿಂಗಳು ನಾನು ಕ್ಲಾಸ್‌ಗೆ ಹೋಗಲಿಲ್ಲ. ಕೊನೆಗೆ ಹೇಳಿದವರೇ ಮನೆಗೆ ಬಂದು ತಪ್ಪೊಪ್ಪಿಕೊಂಡರು. ಅವರು ಬಂದದ್ದು ದೊಡ್ಡದು, ಆದರೂ ಆ ನೋವು ತಟ್ಟನೆ ಹೋಗಲಿಲ್ಲ.

1752ರಲ್ಲಿ ವೆಸ್ಲಿ ಮತ್ತು ಅವರ ಜೊತೆಯ ಪ್ರಸಂಗಿಗಳು ಒಂದು ಕರಾರಿಗೆ ಸಹಿ ಹಾಕಿದ್ದರು. ನಮ್ಮಲ್ಲಿ ಒಬ್ಬರ ಬಗ್ಗೆ ಕೆಟ್ಟ ಮಾತನ್ನು ಕೇಳಿಸಿಕೊಳ್ಳುವುದಿಲ್ಲ, ಕೆದಕುವುದಿಲ್ಲ. ಕಿವಿಗೆ ಬಿದ್ದರೆ ಅವಸರದಲ್ಲಿ ನಂಬುವುದಿಲ್ಲ. ಆದಷ್ಟು ಬೇಗ ಅವರಿಗೇ ನೇರ ತಿಳಿಸುತ್ತೇವೆ. ನಾನು ಲೀಡರ್ ಆದ ಮೇಲೆ ಹೊಸಬರು ಸೇರಿದಾಗಲೆಲ್ಲ ಇದನ್ನು ಗಟ್ಟಿಯಾಗಿ ಓದುತ್ತೇನೆ. ನೀವೂ ಮೊದಲ ದಿನವೇ ಎಲ್ಲ ಹೇಳಬೇಕಿಲ್ಲ. ಯಾರನ್ನು ನಂಬಬಹುದು ಅಂತ ನಿಧಾನಕ್ಕೆ ತಿಳಿಯುತ್ತದೆ.

ಇಷ್ಟೊಂದು ಹಾಡು ಯಾಕೆ? ನನಗೆ ಹಾಡಲು ಬರುವುದಿಲ್ಲ.

ಚಾರ್ಲ್ಸ್ ವೆಸ್ಲಿ ಒಬ್ಬರೇ ಆರು ಸಾವಿರಕ್ಕೂ ಜಾಸ್ತಿ ಗೀತೆ ಬರೆದಿದ್ದಾರೆ. 1780ರಲ್ಲಿ ಜಾನ್ ವೆಸ್ಲಿ ಹೊರತಂದ ಗೀತ ಸಂಗ್ರಹದಲ್ಲಿ 525 ಗೀತೆಗಳಿದ್ದವು. ಓದು ಬರಹ ಬಾರದ ಗಣಿ ಕೆಲಸದವರು, ಕೂಲಿಗಳು ದೇವರ ವಿಷಯ ಕಲಿತದ್ದೇ ಇವುಗಳಿಂದ. ಪ್ರಸಂಗ ಮನೆಗೆ ಹೋಗುವಷ್ಟರಲ್ಲಿ ಮರೆಯುತ್ತದೆ. ಹಾಡು ಕೆಲಸ ಮಾಡುವಾಗಲೂ ನಾಲಿಗೆ ಮೇಲೆ ಇರುತ್ತದೆ.

ಹಾಡು ಬಾರದಿದ್ದರೆ? ಹಾಡಿ. 1761ರಲ್ಲಿ ವೆಸ್ಲಿ ಹಾಡುವುದಕ್ಕೆ ಸೂಚನೆಗಳನ್ನೇ ಅಚ್ಚುಮಾಡಿದ್ದರು. ಎಲ್ಲರೂ ಹಾಡಬೇಕು, ಅರೆನಿದ್ದೆಯಲ್ಲಿದ್ದವರ ಥರ ಹಾಡಬಾರದು, ಅರಚಲೂಬಾರದು, ತಾಳ ಎಳೆಯಬಾರದು, ಎಲ್ಲಕ್ಕಿಂತ ಹೆಚ್ಚಾಗಿ ಪ್ರತಿ ಮಾತಿನಲ್ಲೂ ದೇವರ ಮೇಲೆ ಗಮನ ಇರಬೇಕು. ನಮ್ಮ ಸಭೆಯಲ್ಲಿ ಹಾರ್ಮೋನಿಯಂ ನುಡಿಸುವವರು ಇಲ್ಲದ ದಿನ ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಹಿಡಿದುಕೊಳ್ಳುತ್ತೇವೆ. ಅಂಥ ದಿನ ಹಾಡಿನ ಮಾತುಗಳು ಚೆನ್ನಾಗಿ ಕೇಳಿಸುತ್ತವೆ.

ಕರ್ತನ ಭೋಜನಕ್ಕೆ ನಾನೂ ಬರಬಹುದಾ?

ಕರ್ತನನ್ನು ಪ್ರೀತಿಸುವವರು, ತಪ್ಪಿಗೆ ಮನಮರುಗಿದವರು ಬರಬಹುದು. ಬೇರೆ ಸಭೆಯ ಸದಸ್ಯರಾಗಿದ್ದರೂ ಅಡ್ಡಿಯಿಲ್ಲ. ಇದು ನಮ್ಮ ಮೇಜಲ್ಲ, ಕರ್ತನ ಮೇಜು. ವೆಸ್ಲಿ ಇದನ್ನು ಮನಸ್ಸು ತಿರುಗಿಸುವ ಸಾಧನ ಅಂತಲೂ ನಂಬಿದ್ದರು. ಬಟ್ಟಲಲ್ಲಿ ಇರುವುದು ಮದ್ಯವಲ್ಲ, ಹುಳಿಬರಿಸದ ದ್ರಾಕ್ಷಿರಸ. 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ಎಂಬ ಮೆಥೋಡಿಸ್ಟರು ದ್ರಾಕ್ಷಿರಸ ಹುಳಿಯಾಗದಂತೆ ಕಾಯಿಸಿ ಇಡುವ ದಾರಿ ಕಂಡುಕೊಂಡರು. ಅವರು ಅದನ್ನು ಮಾಡಿದ್ದೇ ತಮ್ಮ ಸಭೆಯ ಭೋಜನಕ್ಕಾಗಿ. ಕುಡಿತ ಬಿಟ್ಟು ಸಭೆಗೆ ಬಂದ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಈ ಬಟ್ಟಲು ಪರೀಕ್ಷೆಯಾಗಬಾರದು.

ಮಗುವಿಗೆ ದೀಕ್ಷಾಸ್ನಾನ ಕೊಡುತ್ತೀರಾ?

ಕೊಡುತ್ತೇವೆ. ದೊಡ್ಡವರಿಗೂ ಕೊಡುತ್ತೇವೆ. ನೀರು ಚಿಮುಕಿಸಿದರೂ ಸರಿ, ಮುಳುಗಿಸಿದರೂ ಸರಿ. ಮಗುವಿನ ದೀಕ್ಷಾಸ್ನಾನದಲ್ಲಿ ಇಡೀ ಸಭೆ ಎದ್ದು ನಿಂತು, ಈ ಮಗುವನ್ನು ನಂಬಿಕೆಯಲ್ಲಿ ಬೆಳೆಸಲು ನಾವೂ ಜೊತೆಗಿರುತ್ತೇವೆ ಅಂತ ಮಾತು ಕೊಡುತ್ತದೆ. ಆ ಮಾತನ್ನು ದಯವಿಟ್ಟು ಹಗುರವಾಗಿ ಹೇಳಬೇಡಿ.

ಹೆಂಗಸರು ಪ್ರಸಂಗ ಮಾಡುತ್ತಾರಾ?

ಮಾಡುತ್ತಾರೆ. 1711-12ರ ಚಳಿಗಾಲದಲ್ಲಿ ಗಂಡ ಲಂಡನ್ನಿಗೆ ಹೋಗಿದ್ದಾಗ ಸುಸಾನಾ ವೆಸ್ಲಿ ಎಪ್ವರ್ತ್‌ನ ತಮ್ಮ ಮನೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ವಾಕ್ಯ ಓದಿ ಪ್ರಾರ್ಥಿಸುತ್ತಿದ್ದರು. ಆಳುಗಳು ಬಂದರು, ಅಕ್ಕಪಕ್ಕದವರು ಬಂದರು, ಕೊನೆಗೆ ಇನ್ನೂರು ಜನ. ಗಂಡನಿಗೆ ದೂರು ಹೋಯಿತು. ಅವರು ಬೇಡ ಅಂತ ಬರೆದರು. ನಿಲ್ಲಿಸಲೇಬೇಕಾದರೆ ಸ್ಪಷ್ಟವಾಗಿ ಆಜ್ಞೆ ಕೊಡಿ, ಕರ್ತನ ನ್ಯಾಯಾಸನದ ಮುಂದೆ ಅದಕ್ಕೆ ನೀವೇ ಉತ್ತರ ಹೇಳಬೇಕಾಗುತ್ತದೆ ಅಂತ ಸುಸಾನಾ ಮರುಬರೆದರು. ಆಗ ಜಾನ್‌ಗೆ ಎಂಟು ವರ್ಷ. ಆ ಅಡುಗೆಮನೆಯ ಕೂಟವನ್ನು ನೋಡಿಕೊಂಡೇ ಬೆಳೆದ ಹುಡುಗ.

1761ರಲ್ಲಿ ಸಾರಾ ಕ್ರಾಸ್ಬಿ ಎಂಬ ಕ್ಲಾಸ್ ಲೀಡರ್ ಮೂವತ್ತು ಜನ ಬರಬಹುದು ಅಂದುಕೊಂಡ ಕೂಟಕ್ಕೆ ಇನ್ನೂರು ಜನ ಬಂದರು. ಒಬ್ಬೊಬ್ಬರನ್ನೂ ಕೇಳಲಾಗದೆ ಅವರು ಎದ್ದು ನಿಂತು ಎಲ್ಲರಿಗೂ ಮಾತಾಡಿದರು. ವೆಸ್ಲಿ ಬೈಯಲಿಲ್ಲ. ಆದರೂ ಬಾಗಿಲು ಪೂರ್ತಿ ತೆರೆಯಲು ಬಹಳ ಕಾಲ ಹಿಡಿಯಿತು. ಬ್ರಿಟನ್ನಿನ ಮೆಥೋಡಿಸ್ಟ್ ಸಭೆ ಹೆಂಗಸರಿಗೆ ಸಭಾಪಾಲಕರ ಅಭಿಷೇಕ ಕೊಟ್ಟದ್ದು 1974ರಲ್ಲಿ. ಇಷ್ಟು ತಡವಾದದ್ದು ನನಗೆ ಬೇಸರವೇ.

ಕಾಣಿಕೆ ಎಷ್ಟು ಕೊಡಬೇಕು?

ಇಷ್ಟೇ ಅಂತ ಯಾರೂ ನಿಮ್ಮನ್ನು ಕೇಳಬಾರದು. ಕೇಳಿದರೆ ಸಭೆಯ ವ್ಯವಹಾರ ನೋಡಿಕೊಳ್ಳುವ ಸ್ಟುವರ್ಡ್‌ಗೆ ಹೇಳಿ. ವೆಸ್ಲಿ ತಮ್ಮ ಪ್ರಾಯದಲ್ಲಿ ವರ್ಷಕ್ಕೆ 30 ಪೌಂಡ್ ದುಡಿದಾಗ 28ರಲ್ಲಿ ಬದುಕಿ 2 ಕೊಟ್ಟರು. ದುಡಿಮೆ 60 ಆಯಿತು, ಆಗಲೂ 28ರಲ್ಲೇ ಬದುಕಿ 32 ಕೊಟ್ಟರು. 90 ಆದಾಗ 62. ಗಳಿಕೆ ಹೆಚ್ಚಿದಷ್ಟೂ ಖರ್ಚು ಹೆಚ್ಚಿಸಲಿಲ್ಲ. ಕೊಡಲು ಏನೂ ಇಲ್ಲದಿದ್ದರೆ ತಟ್ಟೆ ಮುಂದೆ ಬಂದಾಗ ನಾಚಿಕೆ ಪಡಬೇಡಿ. ಕ್ಯಾಪ್ಟನ್ ಫಾಯ್ ಅವರ ಹನ್ನೊಂದು ಜನರನ್ನು ನೆನಪಿಸಿಕೊಳ್ಳಿ.

ಕೂಲಿ, ನ್ಯಾಯ, ಊರಿನ ವಿಷಯಗಳಲ್ಲಿ ಸಭೆ ತಲೆಹಾಕಬೇಕಾ?

ಇಂಗ್ಲೆಂಡಿನ ಟಾಲ್‌ಪಡಲ್ ಒಂದು ಸಣ್ಣ ಹಳ್ಳಿ. ಅಲ್ಲಿ ಹೊಲದ ಕೂಲಿಗಳ ವಾರದ ಕೂಲಿಯನ್ನು ಇಳಿಸುತ್ತಾ 7 ಶಿಲಿಂಗ್‌ಗೆ ತಂದರು, ಇನ್ನೂ ಇಳಿಸುತ್ತೇವೆ ಅಂದರು. ಆರು ಜನ ಸೇರಿ ಸಂಘ ಕಟ್ಟಿದರು. ಅವರ ಮುಂದಾಳು ಜಾರ್ಜ್ ಲವ್ಲೆಸ್ ಮೆಥೋಡಿಸ್ಟ್ ಲೋಕಲ್ ಪ್ರೀಚರ್. 1834ರಲ್ಲಿ ಆರೂ ಜನರಿಗೆ ಏಳು ವರ್ಷದ ಗಡೀಪಾರು ಶಿಕ್ಷೆಯಾಗಿ ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಜನ ಸುಮ್ಮನಿರಲಿಲ್ಲ, 1836ರಲ್ಲಿ ಕ್ಷಮೆ ಸಿಕ್ಕಿತು. ಭಾನುವಾರ ಎದ್ದು ನಿಂತು ನಾಲ್ಕು ಜನರ ಮುಂದೆ ಮಾತಾಡಲು ಕಲಿತವರು ಸೋಮವಾರ ಜಮೀನ್ದಾರನ ಮುಂದೆಯೂ ಮಾತಾಡಬಲ್ಲರು. ಪಾರ್ಟಿ ರಾಜಕೀಯವನ್ನು ಪ್ರಸಂಗಪೀಠಕ್ಕೆ ತರುವುದು ನನಗೆ ಹಿಡಿಸುವುದಿಲ್ಲ. ಆದರೆ ಕೂಲಿಯವನ ಹೊಟ್ಟೆಗೆ ಹೊಡೆಯುವಾಗ ಬಾಯಿ ಮುಚ್ಚಿಕೊಂಡಿರುವ ಸಭೆ ಮೊದಲ ನಿಯಮವನ್ನೇ ಮರೆತಿದೆ ಅಂತಲೇ ಹೇಳುತ್ತೇನೆ.

ವರ್ಷದ ಮೊದಲಿಗೆ ಮಾಡುವ ಒಡಂಬಡಿಕೆ ಆರಾಧನೆ ಅಂದರೇನು?

ದೇವರಿಗೆ ಕೊಟ್ಟ ಮಾತನ್ನು ಹೊಸದಾಗಿ ಕೊಡುವ ಆರಾಧನೆ. ವೆಸ್ಲಿ ಇದನ್ನು 1755ರಲ್ಲಿ ಲಂಡನ್ನಿನಲ್ಲಿ ಶುರುಮಾಡಿದರು. ಈಗ ಹೆಚ್ಚಾಗಿ ಹೊಸ ವರ್ಷದ ಹೊತ್ತಿಗೆ ನಡೆಯುತ್ತದೆ. ಇನ್ನು ನಾನು ನನ್ನವನಲ್ಲ, ನಿನ್ನವನು. ಕೆಲಸಕ್ಕೆ ಹಚ್ಚಿದರೂ ಸರಿ, ಮೂಲೆಯಲ್ಲಿ ಕೂರಿಸಿದರೂ ಸರಿ ಅನ್ನೋ ಅರ್ಥದ ಪ್ರಾರ್ಥನೆಯನ್ನು ಎಲ್ಲರೂ ಒಟ್ಟಿಗೆ ಹೇಳುತ್ತೇವೆ. ಅಮ್ಮ ತೀರಿಕೊಂಡ ಮರುವರ್ಷ ಆ ಎರಡನೇ ಮಾತು ನನ್ನ ಗಂಟಲಲ್ಲೇ ನಿಂತುಬಿಟ್ಟಿತು. ಪಕ್ಕದಲ್ಲಿದ್ದವರು ಹೇಳಿದರು, ನಾನು ಕೇಳಿಸಿಕೊಂಡೆ.

ನನಗೆ ನಂಬಿಕೆಯೇ ಕುಂದಿದೆ. ಆದರೂ ಬರಬಹುದಾ?

ಬನ್ನಿ. 1738ರ ಮಾರ್ಚ್‌ನಲ್ಲಿ ಜಾನ್ ವೆಸ್ಲಿಯವರೇ, ನನ್ನಲ್ಲಿ ನಂಬಿಕೆ ಇಲ್ಲ, ಪ್ರಸಂಗ ಬಿಟ್ಟುಬಿಡಲಾ ಅಂತ ಪೀಟರ್ ಬೋಲರ್ ಎಂಬ ಗೆಳೆಯನನ್ನು ಕೇಳಿದ್ದರು. ಬೇಡ, ನಂಬಿಕೆ ಬರುವವರೆಗೆ ನಂಬಿಕೆಯನ್ನೇ ಸಾರು, ಬಂದ ಮೇಲೆ ಬಂದಿದೆ ಅಂತ ಸಾರುತ್ತೀಯ ಅಂದರು ಬೋಲರ್. ಆಲ್ಡರ್ಸ್‌ಗೇಟ್‌ನ ಆ ಸಂಜೆ ಬಂದದ್ದು ಇದಾದ ಸುಮಾರು ಎರಡೂವರೆ ತಿಂಗಳಿಗೆ. ನಿಮಗೆ ಎಷ್ಟು ದಿನ ಹಿಡಿಯುತ್ತದೋ ನಾನು ಹೇಳಲಾರೆ. ಅಲ್ಲಿಯವರೆಗೆ ನಮ್ಮ ಜೊತೆ ಕೂತಿರಿ. ನಿಮ್ಮ ಪಾಲಿನ ಪ್ರಾರ್ಥನೆಯನ್ನು ನಾವು ಹೇಳುತ್ತೇವೆ.

ಮೆಥೋಡಿಸ್ಟ್ ಸಭೆಗೂ ಸಿಎಸ್‌ಐಗೂ ಏನು ಸಂಬಂಧ?

1947ರ ಸೆಪ್ಟೆಂಬರ್ 27ರಂದು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಹುಟ್ಟಿದಾಗ ಬ್ರಿಟಿಷ್ ಮೆಥೋಡಿಸ್ಟರಿಂದ ಬೆಳೆದ ದಕ್ಷಿಣ ಭಾರತದ ಸಭೆಗಳು ಅದರಲ್ಲಿ ಸೇರಿಕೊಂಡವು. ಅಮೆರಿಕದ ಮೆಥೋಡಿಸ್ಟರಿಂದ ಬೆಳೆದವು ಸೇರಲಿಲ್ಲ. ಅವು 1981ರಲ್ಲಿ ಭಾರತದ ಮೆಥೋಡಿಸ್ಟ್ ಸಭೆಯಾಗಿ ಸ್ವಂತ ಕಾಲ ಮೇಲೆ ನಿಂತವು. ಹಾಗಾಗಿ ಎರಡೂ ಕಡೆ ವೆಸ್ಲಿಯವರ ಮಕ್ಕಳಿದ್ದಾರೆ.

ಆರಾಧನೆಗೆ ಐದಾರು ಜನ ಮಾತ್ರ ಬರುತ್ತಾರೆ. ನಡೆಸಿ ಏನು ಪ್ರಯೋಜನ?

ಇದನ್ನು ಕೇಳುವವರು ಹೆಚ್ಚಾಗಿ ದಣಿದಿರುತ್ತಾರೆ. ಕೀಲಿಕೈ ಅವರ ಬಳಿಯೇ ಇರುತ್ತದೆ, ಕಸ ಗುಡಿಸುವವರೂ ಅವರೇ, ಲೆಕ್ಕ ಬರೆಯುವವರೂ ಅವರೇ. ಅವರಿಗೆ ನಾನು ಮೊದಲು ಹೇಳುವುದು, ಒಂದು ಕೆಲಸವನ್ನಾದರೂ ಇನ್ನೊಬ್ಬರಿಗೆ ಕೊಡಿ ಅಂತ. ಇಬ್ಬರು ಮೂವರು ಸೇರಿದಲ್ಲಿ ನಾನಿರುತ್ತೇನೆ ಅಂತ ಕರ್ತನು ಹೇಳಿದ್ದು ನಿಜ. ಆ ವಾಕ್ಯ ತೋರಿಸಿ ಒಬ್ಬರ ಹೆಗಲ ಮೇಲೆಯೇ ಎಲ್ಲ ಹೊರಿಸುವುದು ಸರಿಯಲ್ಲ.

ಕೆಲವೊಮ್ಮೆ ಕಟ್ಟಡ ಮುಚ್ಚಬೇಕಾಗುತ್ತದೆ. ಅದು ಸಾವಿನಷ್ಟೇ ನೋವು ಕೊಡುತ್ತದೆ. ಹಾಗಾದಾಗ ಕ್ಲಾಸ್ ಮಾತ್ರ ಮುಚ್ಚಬೇಡಿ. ಒಬ್ಬರ ಮನೆ ಸಾಕು. 1742ರ ಜೂನ್‌ನಲ್ಲಿ ಎಪ್ವರ್ತ್‌ಗೆ ಬಂದ ವೆಸ್ಲಿಯವರಿಗೆ ಅವರಪ್ಪ ಸೇವೆ ಮಾಡಿದ ಚರ್ಚಿನಲ್ಲೇ ಪ್ರಸಂಗಕ್ಕೆ ಜಾಗ ಕೊಡಲಿಲ್ಲ. ಅವರು ಹೊರಗೆ ಅಪ್ಪನ ಸಮಾಧಿಯ ಕಲ್ಲಿನ ಮೇಲೆ ನಿಂತರು. ಆ ವಾರ ಸಂಜೆ ಸಂಜೆಯೂ ಜನ ಅಲ್ಲಿಗೇ ಬಂದರು.

ಈ ಭಾನುವಾರ ಮೊದಲ ಸಲ ಬರುತ್ತಿದ್ದೇನೆ. ಏನು ತರಬೇಕು? ಎಲ್ಲಿ ಕೂರಬೇಕು?

ಏನೂ ತರಬೇಡಿ. ಹಾಡಿನ ಪುಸ್ತಕ ಬಾಗಿಲಲ್ಲೇ ಕೊಡುತ್ತಾರೆ. ಎಷ್ಟನೇ ಹಾಡು ಅಂತ ಗೋಡೆಯ ಹಲಗೆ ಮೇಲೆ ಬರೆದಿರುತ್ತದೆ. ಎಲ್ಲರೂ ಎದ್ದಾಗ ಏಳಿ, ಆಗದಿದ್ದರೆ ಕೂತೇ ಇರಿ. ಮಗು ಅತ್ತರೆ ಎತ್ತಿಕೊಂಡು ಹೊರಗೆ ಓಡಬೇಕಿಲ್ಲ. ಕಿಟಕಿ ಪಕ್ಕದ ಮೂರನೇ ಸಾಲಿನ ತುದಿಯಲ್ಲಿ ನಾನಿರುತ್ತೇನೆ, ಪಕ್ಕದ ಜಾಗ ಖಾಲಿ ಇದೆ. ಆಶೀರ್ವಾದ ಆದ ಕೂಡಲೇ ಹೊರಟುಬಿಡಬೇಡಿ, ಸ್ವಲ್ಪ ಹೊತ್ತು ಇರಿ. ಯಾರಾದರೂ ಬಂದು ನಿಮ್ಮ ಹೆಸರು ಕೇಳುತ್ತಾರೆ.